ಪೊಲೀಸರೂ ಸಾಲಿ ಕಲಿಯುತ್ತಾರೆ

ನಮ್ಮ ದೇಸೂರಿನಿಂದ ಬೆಳಗಾವಿಗೆ ಹೋಗುವಾಗ ಮಚ್ಛೆಯಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯ 2ನೇ ಬಟಾಲಿಯನ್ ಸಿಗುತ್ತದೆ. ಈ ಕಡೆ ರೈಲು ಹತ್ತಿದರೆ ಇದಲಹೊಂಡ, ಆಮೇಲೆ ಖಾನಾಪುರ. ಅಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ. ಅಂದರೆ ನಮ್ಮೂರಿನ ಎರಡೂ ಬದಿಗೆ ಪೊಲೀಸರೇ. ಆದರೂ ಊರಾಗ ಜೀಪು ಬಂತಂದ್ರ ನಾವು ಗ್ವಾಡಿ ಹಿಂದ ಅಡಗತೀವಿ! ದೊಡ್ಡವರೂ ಹಾಗೆಯೇ. ನಮ್ಮ ಓಣಿಯ ಅಜ್ಜ ಒಬ್ಬರ ಎಮ್ಮೆ ಕಳುವಾಯಿತು. "ಸ್ಟೇಷನ್ನಿಗೆ ಹೋದ್ರ ನನ್ನನ್ನ ಕುಂಡ್ರಿಸಿಕೊಂಡ್ರ ಏನ್ ಮಾಡ್ಲಿ?" ಎಂದು ಅವರು ಹೋಗಲೇ ಇಲ್ಲ. ಹಾಲು ಮಾರಿಯೇ ಅವರ ಮನೆ ನಡೆಯುತ್ತಿತ್ತು. ದೂರನ್ನೇ ಕೊಡದ ಎಮ್ಮೆಯನ್ನು ಯಾರು ಹುಡುಕಬೇಕು?

ಅದಕ್ಕೆ ಪೊಲೀಸರಿಗೆ ಏನು ಕಲಿಸುತ್ತಾರೆ ಎಂದು ತಿಳಿಯುವ ಆಸೆ ನನಗಾಯಿತು. ತರಬೇತಿ ಮುಗಿಸಿದ ನಮ್ಮ ಸಂಬಂಧಿಕ ಅಣ್ಣ ಒಬ್ಬರು ರಜೆಗೆ ಬಂದಿದ್ದರು. ಅವರನ್ನು ಕೇಳಿ, ಗುರುಗಳಿಂದಲೂ ತಿಳಿದು ಬರೆದಿದ್ದೇನೆ.

ಎಲ್ಲ ಪೊಲೀಸರೂ ಒಂದೇ ಕಡೆ ಕಲಿಯುವುದಿಲ್ಲ. ಕಾನ್‌ಸ್ಟೆಬಲ್ ಆಗುವವರು ಖಾನಾಪುರದಂಥ ತರಬೇತಿ ಶಾಲೆಗೆ ಹೋಗುತ್ತಾರೆ. ಚನ್ನಪಟ್ಟಣದಲ್ಲಿಯೂ ಇಂಥ ಶಾಲೆ ಇದೆ. ಡಿಗ್ರಿ ಮುಗಿಸಿ ನೇರವಾಗಿ ಪಿ.ಎಸ್.ಐ. ಅಥವಾ ಡಿವೈ.ಎಸ್.ಪಿ. ಆದವರಿಗೆ ಮೈಸೂರು ನಗರದ ಕರ್ನಾಟಕ ಪೊಲೀಸ್ ಅಕಾಡೆಮಿ. ಕಲಬುರಗಿಯಲ್ಲಿ ಪೊಲೀಸ್ ತರಬೇತಿ ಕಾಲೇಜು ಇದೆ. ಐ.ಪಿ.ಎಸ್. ಅಧಿಕಾರಿಗಳು ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ಅಕಾಡೆಮಿಯಲ್ಲಿ ಕಲಿಯುತ್ತಾರೆ. ಅದು 1948ರಲ್ಲಿ ಮೌಂಟ್ ಅಬುವಿನಲ್ಲಿ ಆರಂಭವಾಗಿ 1975ರಲ್ಲಿ ಹೈದರಾಬಾದಿಗೆ ಬಂತು.

ಒಳಗೆ ಹೋಗುವ ಮೊದಲೇ ಪರೀಕ್ಷೆ ಇರುತ್ತದೆ. ಕಾನ್‌ಸ್ಟೆಬಲ್ ಆಗುವ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಂಗಸರು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. ಜಿಗಿತ, ಗುಂಡು ಎಸೆತ ಬೇರೆ. ಓಡಿದರಷ್ಟೇ ಸಾಲದು, ಬರೆಯುವ ಪರೀಕ್ಷೆಯೂ ಪಾಸಾಗಬೇಕು.

ತರಬೇತಿಯಲ್ಲಿ ಎರಡು ಭಾಗ. ಒಂದು ಮೈದಾನದ್ದು, ಇನ್ನೊಂದು ಕೋಣೆಯದು. ಬೆಳಕು ಹರಿಯುವಾಗಲೇ ಸೀಟಿ ಊದುತ್ತಾರೆ. ವ್ಯಾಯಾಮ, ಕವಾಯತು, ಗೋಡೆ ಹತ್ತಿ ಇಳಿಯುವುದು, ಲಾಠಿ ಹಿಡಿಯುವ ರೀತಿ, ರೈಫಲ್ ಬಿಚ್ಚಿ ಒರೆಸಿ ಮತ್ತೆ ಜೋಡಿಸುವುದು, ಗುರಿ ಇಟ್ಟು ಹೊಡೆಯುವುದು, ಗಾಯಗೊಂಡವರಿಗೆ ಪ್ರಥಮ ಚಿಕಿತ್ಸೆ. ನಮ್ಮ ಹುಡುಗರಿಗೆ ಇದಷ್ಟೇ ಗೊತ್ತು. ಸಿನೆಮಾದಾಗ ತೋರಿಸೋದೂ ಇಷ್ಟೇ.

ಆದರೆ ಅಣ್ಣ ಹೇಳಿದ್ದು ಬೇರೆ. "ಓಡೋದು ರೂಢಿ ಆಗತದ ತಮ್ಮಾ, ಬೆವರು ಬರಸೋದು ಕಾನೂನಿನ ಪುಸ್ತಕ" ಎಂದರು. 2024ರ ಜುಲೈ 1ರಿಂದ ದೇಶದಲ್ಲಿ ಮೂರು ಹೊಸ ಕಾನೂನು ಜಾರಿಗೆ ಬಂದಿವೆ: ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ. ಹಳೆಯ ದಂಡ ಸಂಹಿತೆ 1860ರದು, ಸಾಕ್ಷ್ಯ ಕಾನೂನು 1872ರದು. ಹಳೆಯ ಪೊಲೀಸರು ಬಾಯಿಪಾಠ ಮಾಡಿದ್ದ ಕಲಮುಗಳ ನಂಬರು ಬದಲಾಗಿದ್ದರಿಂದ ಅವರೂ ಮತ್ತೆ ಪಾಠಕ್ಕೆ ಕೂಡಬೇಕಾಯಿತು. ಇದನ್ನು ಕೇಳಿ ನನಗೆ ನಗು ಬಂತು.

ಎಲ್ಲಕ್ಕಿಂತ ಮುಖ್ಯ ಪಾಠ ದೂರು ಬರೆದುಕೊಳ್ಳುವುದು. ಓದು ಬರಹ ಬಾರದವರು ಬಾಯಿಂದ ಹೇಳಿದರೂ ಸಾಕು, ಪೊಲೀಸರೇ ಅದನ್ನು ಬರೆಯಬೇಕು. ಬರೆದದ್ದನ್ನು ಹೇಳಿದವರಿಗೆ ಓದಿ ತೋರಿಸಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು. ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಕಳವಿನಂಥ ಅಪರಾಧ ಬೇರೆ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ "ಅಲ್ಲಿ ಹೋಗು" ಎಂದು ತಿರುಗಿಸುವಂತಿಲ್ಲ. ಇಲ್ಲಿಯೇ ಬರೆದುಕೊಂಡು ಆ ಠಾಣೆಗೆ ಕಳಿಸಬೇಕು. ಇದಕ್ಕೆ ಜೀರೋ ಎಫ್.ಐ.ಆರ್. ಎನ್ನುತ್ತಾರೆ. ನಮ್ಮ ಕಡೆ ಒಬ್ಬರು ಕನ್ನಡ, ಒಬ್ಬರು ಮರಾಠಿ ಮಾತಾಡುತ್ತಾರೆ. ಎಮ್ಮೆಗೆ ಮರಾಠಿಯಲ್ಲಿ ಮ್ಹೈಸ್. ಒಂದು ಮಾತು ತಪ್ಪಿ ಬರೆದರೂ ಮುಂದೆ ಕೋರ್ಟಿನಲ್ಲಿ ಕೇಸು ಬಿದ್ದು ಹೋಗಬಹುದು. ಅದಕ್ಕೇ ಓದಿ ತೋರಿಸುವುದು.

ಇನ್ನೊಂದು ಪಾಠ ಪಂಚನಾಮೆ. ಕಳವಾದ ಜಾಗದಲ್ಲಿ ಏನೇನಿತ್ತು ಎಂದು ಪಂಚರ ಎದುರಿನಲ್ಲಿ ಬರೆಯಬೇಕು. ಬೆರಳಿನ ಗುರುತು, ಹೆಜ್ಜೆ ಗುರುತು ಅಳಿಸದಂತೆ ನೋಡಿಕೊಳ್ಳಬೇಕು. (ನಮ್ಮೂರಾಗ ಆದ್ರ ಮೊದಲು ಊರ ಮಂದಿಯೆಲ್ಲಾ ತುಳಿದು ನೋಡತಾರ!) ಹೊಸ ಕಾನೂನಿನಂತೆ ಮನೆ ಶೋಧನೆ ಮಾಡುವಾಗ ಮೊಬೈಲಿನಲ್ಲಾದರೂ ವಿಡಿಯೋ ಮಾಡಲೇಬೇಕು.

ಏನು ಮಾಡಬಾರದು ಎಂಬುದೂ ಪಾಠವೇ. ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ನಮ್ಮ ಸಂವಿಧಾನದ 22ನೇ ವಿಧಿಯಲ್ಲಿದೆ. ದಾರಿಯ ವೇಳೆ ಮಾತ್ರ ಇದರಲ್ಲಿ ಲೆಕ್ಕವಿಲ್ಲ. ಪೊಲೀಸರ ಮುಂದೆ "ನಾನೇ ಕದ್ದೆ" ಎಂದು ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿಯಾಗುವುದಿಲ್ಲ. ಹೊಡೆದು ಒಪ್ಪಿಸಿದರೆ ಏನು ಉಪಯೋಗ? ಸಾಕ್ಷಿ ಕೇಳಲು ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದವರನ್ನು ಠಾಣೆಗೆ ಬಾ ಎನ್ನುವಂತಿಲ್ಲ. ಅವರಿದ್ದಲ್ಲಿಗೇ ಪೊಲೀಸರು ಹೋಗಬೇಕು. ಎಮ್ಮೆಯ ಅಜ್ಜನಿಗೆ 70 ದಾಟಿದೆ. ನಾನು ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಮೊದಲೇ ಯಾರೂ ಹೇಳಲಿಲ್ಲಲ್ಲೋ" ಎಂದರು.

ತರಬೇತಿಯ ಕೊನೆಗೆ ನಿರ್ಗಮನ ಪಥಸಂಚಲನ ನಡೆಯುತ್ತದೆ. ಬ್ಯಾಂಡಿನ ತಾಳಕ್ಕೆ ಹೆಜ್ಜೆ ಹಾಕಿ ಪ್ರಮಾಣ ವಚನ ಸ್ವೀಕರಿಸುತ್ತಾರೆ. ಮನೆಯವರೆಲ್ಲ ನೋಡಲು ಹೋಗುತ್ತಾರೆ. ಅಣ್ಣನ ಅವ್ವ ಅಷ್ಟು ಮಂದಿ ಖಾಕಿಯೊಳಗ ಮಗನನ್ನು ಗುರುತು ಹಿಡಿಯಲಾಗದೆ ಅತ್ತರಂತೆ.

ಆಮೇಲೆ ಠಾಣೆಯ ಕೆಲಸ. ಅಣ್ಣನಿಗೆ ಮೊದಲು ಸಿಕ್ಕಿದ್ದು ಬಾಗಿಲ ಪಾಳಿ. ಹೆದರುತ್ತಾ ಮೆಟ್ಟಿಲ ಹತ್ತಿರ ನಿಂತವರಿಗೆ "ಒಳಗ ಬರ್ರಿ, ಕುಂಡ್ರರಿ" ಎನ್ನುವುದೇ ದಿನಕ್ಕೆ ಹತ್ತಿಪ್ಪತ್ತು ಸಲ ಆಗುತ್ತಿತ್ತಂತೆ.