ಆನ್ ಹ್ಯಾಥವೇ ಕಾಟೇಜ್

ಆನ್ ಹ್ಯಾಥವೇ ಕಾಟೇಜ್ ಇಂಗ್ಲೆಂಡಿನ ವಾರಿಕ್‌ಷೈರ್ ಕೌಂಟಿಯಲ್ಲಿ, ಸ್ಟ್ರಾಟ್‌ಫರ್ಡ್-ಅಪಾನ್-ಏವನ್ ಪಟ್ಟಣಕ್ಕೆ ಸಮೀಪದ ಶಾಟರಿಯಲ್ಲಿರುವ ಹುಲ್ಲುಮಾಡಿನ ಹಳೆಯ ಮನೆ. ನಾಟಕಕಾರ ವಿಲಿಯಂ ಷೇಕ್ಸ್‌ಪಿಯರನ ಪತ್ನಿ ಆನ್ ಬೆಳೆದದ್ದು ಇಲ್ಲಿಯೇ. ಹೆಸರು ಕೇಳಿ ಗುಡಿಸಲೆಂದು ಭಾವಿಸಬಾರದು. ಇದು ಹನ್ನೆರಡು ಕೊಠಡಿಗಳುಳ್ಳ, ಅನುಕೂಲಸ್ಥ ರೈತ ಕುಟುಂಬದ ಮನೆ. ಆಗ ಇದರ ಹೆಸರು ಹ್ಯೂಲ್ಯಾಂಡ್ಸ್ ಫಾರ್ಮ್ ಎಂದಿತ್ತು.

ರಚನೆ

15ನೆಯ ಶತಮಾನದ ಮೂಲಭಾಗವು ‘ಕ್ರಕ್’ ಪದ್ಧತಿಯದು. ಬಾಗಿ ಬೆಳೆದ ಓಕ್ ಮರವನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಎದುರುಬದುರಾಗಿ ನಿಲ್ಲಿಸಿ, ಮೇಲ್ತುದಿಯಲ್ಲಿ ಕೂಡಿಸಿದರೆ ಕಮಾನಿನಂತಹ ಜೋಡಿಯಾಗುತ್ತದೆ. ಮಾಡಿನ ಭಾರವು ಈ ಜೋಡಿಗಳ ಮೂಲಕವೇ ಕೆಳಗಿಳಿಯುತ್ತದೆ. ಗೋಡೆಯು ಭಾರ ಹೊರಬೇಕಾಗಿಲ್ಲವಾದ್ದರಿಂದ, ಮರಗಳ ನಡುವಣ ತೆರಪಿಗೆ ಕಡ್ಡಿಗಳ ತಡಿಕೆ ಹೆಣೆದು, ಸಗಣಿ ಮತ್ತು ಹುಲ್ಲು ಕಲಸಿದ ಮಣ್ಣನ್ನು ಮೆತ್ತಿದರೆ ಸಾಕಾಗುತ್ತಿತ್ತು. ಮರಕ್ಕೆ ನೆಲದ ತೇವ ತಾಗದಂತೆ ಕಲ್ಲಿನ ತಳಪಾಯವಿದೆ. ಮಾಡು ಕಡಿದಾಗಿರುವುದು ಅಂದಕ್ಕಲ್ಲ. ಮಳೆನೀರು ನಿಂತರೆ ಹುಲ್ಲು ಕೊಳೆಯುತ್ತದೆ.

ಮೊದಲಿಗೆ ನಡುಮನೆಯು ಅಟ್ಟವಿಲ್ಲದೆ ಮಾಡಿನವರೆಗೂ ತೆರೆದುಕೊಂಡಿತ್ತು. ಹೊಗೆಗೂಡುಗಳೂ ಮೇಲಂತಸ್ತೂ ತರುವಾಯ ಸೇರಿದವು. ಎತ್ತರದ ಭಾಗವು ಬಳಿಕದ ವಿಸ್ತರಣೆ. ಹೊರಗಿನಿಂದ ನೋಡಿದರೂ ಎರಡು ಮಾಡುಗಳ ಎತ್ತರದಲ್ಲಿ ಅಂತರ ಕಾಣುತ್ತದೆ.

ಸಂರಕ್ಷಣೆ

ಷೇಕ್ಸ್‌ಪಿಯರ್ ಬರ್ತ್‌ಪ್ಲೇಸ್ ಟ್ರಸ್ಟ್ 1892ರಲ್ಲಿ ಮನೆಯನ್ನು ಕೊಂಡಿತು. ಹ್ಯಾಥವೇ ವಂಶಸ್ಥರು ಆ ಮೇಲೂ ಕೆಲಕಾಲ ಇಲ್ಲಿ ವಾಸವಾಗಿದ್ದರು. ಹುಲ್ಲುಮಾಡಿಗೆ ಸದಾ ಇರುವ ಬೆಂಕಿಯ ಭಯ 1969ರಲ್ಲಿ ನಿಜವಾಗಿ, ಮನೆಗೆ ತೀವ್ರ ಹಾನಿಯಾಯಿತು. ಟ್ರಸ್ಟ್ ಅದನ್ನು ಮತ್ತೆ ದುರಸ್ತಿಗೊಳಿಸಿತು. ಈಗ ಇದು ವಸ್ತುಸಂಗ್ರಹಾಲಯವಾಗಿದೆ. ಹುಲ್ಲಿನ ಹೊದಿಕೆಯನ್ನು ಕೆಲವು ದಶಕಗಳಿಗೊಮ್ಮೆ ಬದಲಿಸಬೇಕಾಗುವುದರಿಂದ, ಇಂದು ಕಾಣುವ ಹುಲ್ಲು ಷೇಕ್ಸ್‌ಪಿಯರನ ಕಾಲದ್ದಲ್ಲ.