ಮಂಚದ ಕೆಳಗೆ ಅಡಗಿದ ಪಂಪು

ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪ್ರವಾಸಿ ವಾಹನಗಳ ರಾಜಧಾನಿಯೆಂದೇ ಪ್ರಸಿದ್ಧ. ಕಾರಿನ ಹಿಂದೆ ಎಳೆದೊಯ್ಯುವ ಮನೆಯಂತಹ ಟ್ರೇಲರುಗಳು ಅಲ್ಲಿ ಅಪಾರ ಸಂಖ್ಯೆಯಲ್ಲಿ ತಯಾರಾಗುತ್ತವೆ. ಇವುಗಳ ಮಾಲೀಕರ ಒಂದು ತೊಡಕು ನಮ್ಮ ಸಣ್ಣ ಉತ್ಪಾದಕರ ಗಮನಕ್ಕೂ ಅರ್ಹವಾಗಿದೆ. ಗಾಡಿಯ ನೀರಿನ ಪಂಪು ಎಲ್ಲಿದೆಯೆಂಬುದೇ ಎಷ್ಟೋ ಮಂದಿಗೆ ತಿಳಿಯದು!

ಇಟ್ಟಿಗೆಯ ಗಾತ್ರದ ಈ 12 ವೋಲ್ಟಿನ ಡಯಾಫ್ರಂ ಪಂಪನ್ನು ಮಂಚದ ಕೆಳಗೋ, ಊಟದ ಆಸನದೊಳಗೋ, ಸ್ನಾನದ ಕೋಣೆಯ ಹಲಗೆಯ ಹಿಂದೆಯೋ ಕೂರಿಸಿರುತ್ತಾರೆ. ಜಾಗ ಉಳಿಸುವ ಭರದಲ್ಲಿ ದುರಸ್ತಿಗಾರನ ಕೈಯನ್ನು ಮರೆತಿರುತ್ತಾರೆ.

ಹುಡುಕುವುದಾದರೆ, ಟ್ಯಾಂಕಿಗೆ ನೀರು ತುಂಬಿ, ಹೊರಗಿನ ನೀರಿನ ಸಂಪರ್ಕ ಕಳಚಿ, ಪಂಪಿನ ಸ್ವಿಚ್ಚು ಹಾಕಿ ಒಂದು ನಲ್ಲಿಯನ್ನು ತೆರೆಯಬೇಕು. ಸದ್ದು ಕೇಳಿಸುತ್ತದೆ; ಆದರೆ ಅದುರುವಿಕೆ ನೆಲದುದ್ದಕ್ಕೂ ಹರಡುವುದರಿಂದ ಕಿವಿ ಮೋಸಹೋಗುವುದುಂಟು. ಟ್ಯಾಂಕಿನಿಂದ ಹೊರಟ ಕೊಳವೆಯನ್ನು ಅನುಸರಿಸುವುದೇ ಲೇಸು. ಹಲಗೆಯ ತಿರುಪುಗಳಿಗೆ ಬಹುಮಟ್ಟಿಗೆ ಚೌಕತಲೆಯ ಸ್ಕ್ರೂಡ್ರೈವರ್ ಬೇಕಾಗುತ್ತದೆ.

ಇಷ್ಟೊಂದು ಶ್ರಮವೇಕೆ? ನಲ್ಲಿಗಳೆಲ್ಲ ಮುಚ್ಚಿರುವಾಗಲೂ ಪಂಪು ಆಗಾಗ ತಾನಾಗಿ ಓಡಿದರೆ ಎಲ್ಲಿಯೋ ಸೋರಿಕೆಯಿರಬಹುದು. ಅದು ಕಣ್ಣಿಗೆ ಬೀಳದಿದ್ದರೆ ನೆಲದ ಪ್ಲೈವುಡ್ ಕೊಳೆಯುತ್ತದೆ. ಪಂಪಿನ ಮುಂದಿನ ಜಾಲರಿಯಲ್ಲಿ ಕಸ ಕಟ್ಟಿದರೆ ನೀರು ಬಾರದು. ಚಳಿಗಾಲಕ್ಕೆ ಮುನ್ನ ನೀರನ್ನು ಬಸಿದು ಹೆಪ್ಪುರೋಧಕ ದ್ರವ ಹಾಯಿಸದಿದ್ದರೆ ಪಂಪೇ ಸೀಳಬಹುದು.

ಎರಡು ಕೀಲುಗಳ ಪುಟ್ಟ ಬಾಗಿಲನ್ನು ಕಾರ್ಖಾನೆಯಲ್ಲೇ ಇಟ್ಟಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಅದಿಲ್ಲದೆ ಕೆಲವರು ತಾವೇ ಹಲಗೆ ಕೊರೆಯುತ್ತಾರೆ. ಅಂಥವರು ಮೊದಲು ಬ್ಯಾಟರಿಯನ್ನೂ ಹೊರಗಿನ ವಿದ್ಯುತ್ತನ್ನೂ ಬೇರ್ಪಡಿಸಿ, ಗರಗಸದ ಅಲಗು ಹಲಗೆಯ ದಪ್ಪವನ್ನು ಮೀರದಂತೆ ನೋಡಿಕೊಳ್ಳಬೇಕು. ತಂತಿ, ಕೊಳವೆಗಳು ಅದರ ಬೆನ್ನಿಗೇ ಇರುತ್ತವೆ.