ಹಸಿರು ಬೆಟ್ಟದ ನಕ್ಷತ್ರಾಕಾರದ ಇಗರ್ಜಿ

ಯುರೋಪಿನ ಚೆಕ್ ಗಣರಾಜ್ಯದಲ್ಲಿ ಝ್ಯಾರ್ ನಾದ್ ಸಾಜವೌ ಎಂಬ ಪಟ್ಟಣವಿದೆ. ಅದರ ಅಂಚಿನ ಸಣ್ಣ ಬೆಟ್ಟದ ಮೇಲೆ ನೆಪೊಮುಕ್‌ನ ಸಂತ ಜಾನ್‌ರ ಯಾತ್ರಾ ಇಗರ್ಜಿ ನಿಂತಿದೆ. ಬೆಟ್ಟದ ಹೆಸರು ಜೆಲೆನಾ ಹೋರಾ. ಚೆಕ್ ಭಾಷೆಯಲ್ಲಿ ‘ಹಸಿರು ಬೆಟ್ಟ’ ಎಂದರ್ಥ. 1994ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತರ ಕಥೆಯನ್ನು ಬಲ್ಲವರು ಈ ಕಟ್ಟಡದ ನಕ್ಷೆಯಲ್ಲಿಯೇ ಆ ಕಥೆಯನ್ನು ಓದಬಹುದು.

ಜಾನ್ ಅವರು ಪ್ರಾಗ್ ನಗರದ ಮಹಾಧರ್ಮಾಧ್ಯಕ್ಷರ ಕೈಕೆಳಗೆ ಅಧಿಕಾರಿಯಾಗಿದ್ದ ಯಾಜಕರು. 1393ರಲ್ಲಿ ದೊರೆ ನಾಲ್ಕನೆಯ ವೆನ್ಸೆಸ್ಲಾಸನ ಕಡೆಯವರು ಅವರನ್ನು ಹಿಂಸಿಸಿ, ವ್ಲತಾವಾ ನದಿಗೆ ಎಸೆದರು. ರಾಣಿಯ ಪಾಪನಿವೇದನೆಯ ಗುಟ್ಟನ್ನು ದೊರೆಗೆ ಹೇಳಲು ಅವರು ಒಪ್ಪಲಿಲ್ಲವೆಂದೂ, ದೇಹ ಮುಳುಗಿದೆಡೆ ಐದು ನಕ್ಷತ್ರಗಳು ಹೊಳೆದವೆಂದೂ ಐತಿಹ್ಯ ಹೇಳುತ್ತದೆ. 1719ರಲ್ಲಿ ಅವರ ಸಮಾಧಿಯನ್ನು ತೆರೆದಾಗ ಕೊಳೆಯದೆ ಉಳಿದ ಅಂಗಾಂಶವೊಂದು ದೊರೆಯಿತು. ಗುಟ್ಟನ್ನು ಕಾಪಾಡಿದ ನಾಲಿಗೆ ಅದೇ ಎಂದು ಜನರು ನಂಬಿದರು.

ಝ್ಯಾರ್‌ನ ಸಿಸ್ಟರ್ಸಿಯನ್ ಮಠದ ಅಧಿಪತಿ ವಾತ್ಸ್ಲಾವ್ ವೆಯ್ಮ್ಲುವಾ ಅದೇ ವರ್ಷ ಇಗರ್ಜಿಯ ನಿರ್ಮಾಣಕ್ಕೆ ಕೈಹಾಕಿದರು. ವಾಸ್ತುಶಿಲ್ಪಿ ಯಾನ್ ಬ್ಲಾಝೇಯ್ ಸಾಂತಿನಿ. 1722ರಲ್ಲಿ ಇಗರ್ಜಿ ಪ್ರತಿಷ್ಠೆಗೊಂಡಿತು. ಜಾನ್‌ರಿಗೆ ಸಂತ ಪದವಿ ದೊರೆತದ್ದು 1729ರಲ್ಲಿ. ಜನರ ಭಕ್ತಿ ಅದಕ್ಕೂ ಮುಂಚೆಯೇ ಬೆಟ್ಟವನ್ನೇರಿತ್ತು.

ನಕ್ಷೆಗೆ ಆಧಾರ ಐದರ ಸಂಖ್ಯೆ. ಇಗರ್ಜಿಯ ತಳವಿನ್ಯಾಸ ಐದು ಮೂಲೆಗಳ ನಕ್ಷತ್ರ; ಬಾಗಿಲುಗಳು ಐದು, ಬಲಿಪೀಠಗಳೂ ಐದು. ಸುತ್ತಲಿನ ಯಾತ್ರಿಕರ ಪಡಸಾಲೆಯಲ್ಲಿಯೂ ಐದು ದ್ವಾರಗಳು ಮತ್ತು ಐದು ಪ್ರಾರ್ಥನಾಲಯಗಳಿವೆ. ಈ ವಿನ್ಯಾಸದ ತತ್ತ್ವವನ್ನು ವಿದ್ಯಾರ್ಥಿಗಳು ಕೈವಾರ ಮತ್ತು ಕೋನಮಾಪಕದಿಂದ ಕಾಗದದ ಮೇಲೆ ಅರಿಯಬಹುದು. ವೃತ್ತವನ್ನು 72 ಅಂಶಗಳಂತೆ ಐದು ಭಾಗ ಮಾಡಿ, ಬಿಂದುಗಳನ್ನು ಒಂದು ಬಿಟ್ಟು ಒಂದರಂತೆ ಜೋಡಿಸಿದರೆ ನಕ್ಷತ್ರ ಮೂಡುತ್ತದೆ.

ಬಾಗಿದ ಗೋಡೆಗಳು, ಬೆಳಕಿನ ಆಟ ಮತ್ತು ನೋಡುವವರ ಮನಸ್ಸನ್ನು ಕಲಕುವ ನಾಟಕೀಯತೆ ಬರೋಕ್ ಶೈಲಿಯ ಲಕ್ಷಣಗಳು. ಸಾಂತಿನಿ ಅದರೊಡನೆ ಮಧ್ಯಯುಗದ ಗಾಥಿಕ್ ಶೈಲಿಯ ಚೂಪುಕಮಾನುಗಳನ್ನು ಬೆರೆಸಿದರು. ಚಾವಣಿಯಲ್ಲಿ ಹರಡಿರುವ ಗಾರೆಯ ಏಣುಗಳು ಭಾರ ಹೊರುವುದಿಲ್ಲ, ಅವು ಅಲಂಕಾರ ಮಾತ್ರ. ಸಂತರು ಬಾಳಿದ ಕಾಲವನ್ನು ನೆನಪಿಸುತ್ತವೆ. ಒಳಗೆ ನಿಂತು ತಲೆಯೆತ್ತಿದರೆ ಗುಮ್ಮಟದ ನಡುವೆ ಕೆಂಪು ನಾಲಿಗೆಯೊಂದು ಕಾಣುತ್ತದೆ.

1784ರಲ್ಲಿ ಬೆಂಕಿ ಬಿದ್ದು ಇಗರ್ಜಿಗೆ ಹಾನಿಯಾಯಿತು. ಅದೇ ವರ್ಷ ಮಠವೂ ರದ್ದಾಯಿತು. ಮುಂದೆ ಅಂಗಳವು ಸ್ಮಶಾನವಾಗಿ ಬಳಕೆಯಾಯಿತು. ಆದರೂ ಕಟ್ಟಡ ಉಳಿಯಿತು.

ಇನ್ನೊಂದು ಮಾತನ್ನು ಮಕ್ಕಳಿಗೆ ತಿಳಿಸಲೇಬೇಕು. ಜಾನ್‌ರ ಸಾವಿಗೆ ಮಠವೊಂದರ ಅಧಿಪತಿಯ ನೇಮಕದ ವಿಷಯದಲ್ಲಿ ದೊರೆಗೂ ಮಹಾಧರ್ಮಾಧ್ಯಕ್ಷರಿಗೂ ನಡೆದ ಜಗಳವೇ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಪಾಪನಿವೇದನೆಯ ಕಥೆ ಅನಂತರ ಬೆಳೆದದ್ದು. ನಾಲಿಗೆಯೆಂದು ನಂಬಿದ್ದು ಮಿದುಳಿನ ಅಂಗಾಂಶವೆಂದು 20ನೆಯ ಶತಮಾನದ ವೈಜ್ಞಾನಿಕ ಪರೀಕ್ಷೆ ತೋರಿಸಿತು. ಇದರಿಂದ ಇಗರ್ಜಿಯ ಬೆಲೆ ಕುಗ್ಗದು. 1393ರಲ್ಲಿ ಏನು ನಡೆಯಿತು ಎಂಬುದಕ್ಕೆ ಇದು ಸಾಕ್ಷಿಯಲ್ಲ. ನಂಬಿ ಹೇಳಿದ ಮಾತನ್ನು ಪ್ರಾಣ ಹೋದರೂ ಬಿಟ್ಟುಕೊಡದಿರುವುದನ್ನು 1719ರ ಜನರು ಎಷ್ಟು ದೊಡ್ಡದೆಂದು ತಿಳಿದಿದ್ದರು ಎಂಬುದಕ್ಕೆ ಸಾಕ್ಷಿ. ಪುರಾತನ ಕಟ್ಟಡವನ್ನು ನೋಡುವಾಗ ನಡೆದದ್ದು ಯಾವುದು, ನಂಬಿದ್ದು ಯಾವುದು ಎಂದು ಬೇರ್ಪಡಿಸಿ, ಎರಡನ್ನೂ ಗೌರವದಿಂದ ಅರಿಯುವುದು ವಿದ್ಯೆಯ ಕೆಲಸ.